ಗಣಿತದ ಕ್ರಮವೂ ಕಾರಣದ ಭಾಷೆಯೂ

ಶಾಲೆಯಲ್ಲಿ ಕಲಿಸುವ ವಿಷಯಗಳ ನಡುವೆ ಗಣಿತಕ್ಕೆ ಅದರದೇ ಆದ ಒಂದು ಸ್ವಭಾವವಿದೆ. ಚರಿತ್ರೆಯ ತರಗತಿಯಲ್ಲಿ ಕದಂಬರ ಪಾಠ ತಪ್ಪಿಹೋದ ವಿದ್ಯಾರ್ಥಿಯು ವಿಜಯನಗರದ ಪಾಠವನ್ನು ಹೆಚ್ಚಿನ ತೊಡಕಿಲ್ಲದೆ ಓದಿಕೊಳ್ಳಬಹುದು. ಆದರೆ ಭಿನ್ನರಾಶಿ ಅರ್ಥವಾಗದವರಿಗೆ ಅನುಪಾತವೂ, ಅನುಪಾತ ತಿಳಿಯದವರಿಗೆ ಸಮರೂಪ ತ್ರಿಭುಜಗಳೂ, ಅವು ತಿಳಿಯದವರಿಗೆ ತ್ರಿಕೋನಮಿತಿಯೂ ಕೈಗೆ ಹತ್ತುವುದಿಲ್ಲ. ಆದಕಾರಣ ಗಣಿತದ ಪಠ್ಯವನ್ನು ರೂಪಿಸುವವರು ಏನನ್ನು ಕಲಿಸಬೇಕೆಂಬುದರಷ್ಟೇ ಗಂಭೀರವಾಗಿ, ಯಾವುದರ ಬೆನ್ನಿಗೆ ಯಾವುದನ್ನು ಕಲಿಸಬೇಕು ಎಂಬುದನ್ನೂ ಯೋಚಿಸಬೇಕಾಗುತ್ತದೆ. ಐದನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಹರಡಿರುವ ಈ ಕ್ರಮವು ಕೇರಳ ರಾಜ್ಯದಲ್ಲಿ ಹೇಗೆ ರೂಪುಗೊಂಡಿದೆ, ಅದರ ಬೆಸುಗೆಗಳು ಎಲ್ಲಿ ಸಡಿಲವಾಗುತ್ತವೆ, ಆ ರಾಜ್ಯದಲ್ಲಿದ್ದುಕೊಂಡು ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ಅದು ಎಷ್ಟರ ಮಟ್ಟಿಗೆ ದಕ್ಕುತ್ತದೆ ಎಂಬುದು ಇಲ್ಲಿ ವಿಚಾರಿಸಬೇಕಾದ ವಿಷಯ.

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಕೈಗೆ ಬರುವ ಗಣಿತದ ಪುಸ್ತಕವು ದೂರದಿಂದ ಬರುವಂಥದು. 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ನೆಲವು ಅಂದು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಪಾಠದ ನಿರ್ಧಾರವಾಗುವ ಸ್ಥಳ ತಿರುವನಂತಪುರವಾಯಿತು. ಆ ನಗರದ ಪೂಜಪ್ಪುರದಲ್ಲಿ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಅಂದರೆ ಎಸ್.ಸಿ.ಇ.ಆರ್.ಟಿ., ಪಠ್ಯವನ್ನು ಸಿದ್ಧಪಡಿಸುತ್ತದೆ, ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಸುವ ಪರೀಕ್ಷಾಭವನವೂ, ಶಾಲೆಗಳ ಗಣಕಯಂತ್ರ ಶಿಕ್ಷಣವನ್ನು ನೋಡಿಕೊಳ್ಳುವ ಕೈಟ್ ಸಂಸ್ಥೆಯೂ ಅದೇ ಪೂಜಪ್ಪುರದಲ್ಲಿವೆ. ಸಿದ್ಧವಾದ ಪಠ್ಯವು ಮಲಯಾಳ ಮತ್ತು ಇಂಗ್ಲಿಷ್ ಭಾಷೆಗಳೊಂದಿಗೆ ತಮಿಳು, ಕನ್ನಡಗಳಲ್ಲಿಯೂ ರೂಪ ಪಡೆದು, ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಸರಕಾರಿ ಮುದ್ರಣಸಂಸ್ಥೆಯಾದ ಕೆ.ಬಿ.ಪಿ.ಎಸ್.ನಲ್ಲಿ ಅಚ್ಚಾಗುತ್ತದೆ. ತಿರುವನಂತಪುರದಲ್ಲಿ ಯೋಚಿಸಿ ಕೊಚ್ಚಿಯಲ್ಲಿ ಅಚ್ಚು ಹಾಕಿದ ಕನ್ನಡದ ಲೆಕ್ಕದ ಪುಸ್ತಕವು ನೂರಾರು ಕಿಲೋಮೀಟರ್ ದೂರ ಸಾಗಿ ಗಡಿನಾಡಿನ ಮಗುವಿನ ಚೀಲವನ್ನು ಸೇರುತ್ತದೆ. ಪುಸ್ತಕ ಸೇರಿದ ಮಾತ್ರಕ್ಕೆ ಗಣಿತ ಸೇರಿತೆಂದು ಹೇಳಲಾಗುವುದಿಲ್ಲ. ಅದಕ್ಕೆ ಬೇರೆ ಕೆಲವು ಸಂಗತಿಗಳೂ ಕೂಡಿಬರಬೇಕು.

ಕೇರಳದ ವ್ಯವಸ್ಥೆಯಲ್ಲಿ ಒಂದರಿಂದ ನಾಲ್ಕರವರೆಗೆ ಎಲ್.ಪಿ. ಅಥವಾ ಕಿರಿಯ ಪ್ರಾಥಮಿಕ, ಐದರಿಂದ ಏಳರವರೆಗೆ ಯು.ಪಿ. ಅಥವಾ ಹಿರಿಯ ಪ್ರಾಥಮಿಕ, ಎಂಟರಿಂದ ಹತ್ತರವರೆಗೆ ಹೈಸ್ಕೂಲು, ಹನ್ನೊಂದು ಮತ್ತು ಹನ್ನೆರಡು ಹೈಯರ್ ಸೆಕೆಂಡರಿ ಎಂಬ ನಾಲ್ಕು ಹಂತಗಳಿವೆ. ಯು.ಪಿ. ಹಂತದ ಮೂರು ವರ್ಷಗಳಲ್ಲಿ ಮಗುವು ಎಣಿಕೆಯ ಲೋಕದಿಂದ ಸಂಬಂಧಗಳ ಲೋಕಕ್ಕೆ ದಾಟುತ್ತದೆ. ಭಿನ್ನರಾಶಿ, ದಶಮಾಂಶ, ಕೋನ, ಸರಾಸರಿ, ಶೇಕಡಾ, ಘನಫಲ, ಅನುಪಾತ ಇವೆಲ್ಲ ಇಲ್ಲಿ ಬರುತ್ತವೆ. ಇವುಗಳ ನಡುವೆಯೇ ಸದ್ದಿಲ್ಲದೆ ಬೀಜಗಣಿತವೂ ಕಾಲಿಡುತ್ತದೆ. ಬೀಜಗಣಿತವೆಂದರೆ ಸಂಖ್ಯೆಯ ಜಾಗದಲ್ಲಿ ಅಕ್ಷರವನ್ನಿಟ್ಟು, ಒಂದೊಂದು ಲೆಕ್ಕಕ್ಕೂ ಬಿಡಿಬಿಡಿಯಾಗಿ ಹೇಳಬೇಕಾದುದನ್ನು ಎಲ್ಲ ಲೆಕ್ಕಗಳಿಗೂ ಸಲ್ಲುವಂತೆ ಒಂದೇ ಮಾತಿನಲ್ಲಿ ಹೇಳುವ ವಿದ್ಯೆ. 2024ರಲ್ಲಿ ಪಠ್ಯದ ಪರಿಷ್ಕರಣೆ ತೊಡಗುವ ಮುಂಚಿನ ಪುಸ್ತಕಗಳಂತೆ, ಹೈಸ್ಕೂಲಿನಲ್ಲಿ ಸಮೀಕರಣಗಳು, ಸರ್ವಸಮೀಕರಣಗಳು, ಋಣಸಂಖ್ಯೆಗಳು, ಚತುರ್ಭುಜಗಳ ವಿಸ್ತೀರ್ಣ, ಸಮರೂಪ ತ್ರಿಭುಜಗಳು, ವೃತ್ತದ ಅಳತೆಗಳು, ಅಭಾಗಲಬ್ಧ ಸಂಖ್ಯೆಗಳು, ಬಹುಪದೋಕ್ತಿಗಳು ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಬೆಳೆದು, ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿ, ವೃತ್ತಗಳು, ಸಂಭವನೀಯತೆ, ವರ್ಗ ಸಮೀಕರಣ, ತ್ರಿಕೋನಮಿತಿ, ನಿರ್ದೇಶಾಂಕಗಳು, ಸ್ಪರ್ಶಕಗಳು, ಘನಾಕೃತಿಗಳು, ಸಂಖ್ಯಾಶಾಸ್ತ್ರ ಎಂಬ ಅಧ್ಯಾಯಗಳಾಗಿ ಫಲಿಸುತ್ತಿದ್ದವು. ಮುಂದಿನ ಉದಾಹರಣೆಗಳೂ ಆ ಪುಸ್ತಕಗಳ ಸರದಿಯನ್ನೇ ಅನುಸರಿಸುತ್ತವೆ.

ಪಟ್ಟಿಯನ್ನು ಓದಿದರೆ ಕ್ರಮ ಕಾಣಿಸುವುದಿಲ್ಲ. ಒಂದು ವಿಚಾರವನ್ನು ಹಿಡಿದು ತರಗತಿಯಿಂದ ತರಗತಿಗೆ ಹಿಂಬಾಲಿಸಿದರೆ ಮಾತ್ರ ಅದು ಸ್ಪಷ್ಟವಾಗುತ್ತದೆ. ಕಾಸರಗೋಡಿನ ಕಡೆಯಲ್ಲಿ ಮಕ್ಕಳು ಆಟಕ್ಕೆ ಹೆಕ್ಕಿ ತರುವ ಕೆಂಪು ಮಂಜೊಟ್ಟಿ ಬೀಜಗಳಿಂದ ಇದನ್ನು ಮಾಡಿ ನೋಡಬಹುದು. ನೆಲದ ಮೇಲೆ ಒಂದು ಬೀಜವನ್ನಿಟ್ಟು, ಅದರ ಬಲಗಡೆಗೆ ಒಂದು, ಕೆಳಗಡೆಗೆ ಒಂದು, ಮೂಲೆಗೆ ಒಂದು ಹೀಗೆ ಮೂರು ಬೀಜಗಳನ್ನು ಸೇರಿಸಿದರೆ ಸಾಲಿಗೆ ಎರಡರಂತೆ ನಾಲ್ಕು ಬೀಜಗಳ ಚೌಕವಾಗುತ್ತದೆ. ಅದಕ್ಕೆ ಅದೇ ರೀತಿ ಎರಡು ಬದಿಗಳನ್ನು ಸುತ್ತುವಂತೆ ಐದು ಬೀಜಗಳನ್ನು ಇಟ್ಟರೆ ಒಂಬತ್ತರ ಚೌಕ, ಮತ್ತೆ ಏಳನ್ನು ಇಟ್ಟರೆ ಹದಿನಾರರ ಚೌಕ. ಸೇರಿಸುತ್ತ ಹೋಗುವ ಪ್ರತಿಯೊಂದು ಪಟ್ಟಿಯೂ ಆಚಾರಿಯ ಮೂಲೆಮಟ್ಟದ ಆಕಾರದಲ್ಲಿರುತ್ತದೆ. ಒಂದರಿಂದ ತೊಡಗಿ ಬೆಸ ಸಂಖ್ಯೆಗಳನ್ನು ಕ್ರಮವಾಗಿ ಕೂಡಿದರೆ ಯಾವಾಗಲೂ ವರ್ಗಸಂಖ್ಯೆಯೇ ಬರುತ್ತದೆ ಎಂಬುದನ್ನು ವರ್ಗ ಮತ್ತು ವರ್ಗಮೂಲಗಳನ್ನು ಕಲಿಯುವ ಏಳನೆಯ ತರಗತಿಯ ಮಗುವು ಹೀಗೆ ಕಣ್ಣಾರೆ ಕಾಣಬಹುದು.

ಎಂಟನೆಯ ತರಗತಿಯಲ್ಲಿ ಸರ್ವಸಮೀಕರಣ, ಅಂದರೆ ಅಕ್ಷರಕ್ಕೆ ಯಾವ ಬೆಲೆಯನ್ನು ಕೊಟ್ಟರೂ ನಿಜವಾಗಿಯೇ ಉಳಿಯುವ ಸಮೀಕರಣ, ಪರಿಚಯವಾದಾಗ ಅದೇ ಚಿತ್ರಕ್ಕೆ ಮಾತು ಸಿಗುತ್ತದೆ. ಯಾವುದೇ ಸಂಖ್ಯೆಯ ವರ್ಗಕ್ಕೂ ಅದರ ಮುಂದಿನ ಸಂಖ್ಯೆಯ ವರ್ಗಕ್ಕೂ ಇರುವ ಅಂತರವು ಆ ಸಂಖ್ಯೆಯ ಎರಡರಷ್ಟಕ್ಕಿಂತ ಒಂದು ಹೆಚ್ಚು. ಎರಡರಷ್ಟು ಎಂಬುದು ಚೌಕದ ಎರಡು ಬದಿಗಳಿಗೆ ಇಟ್ಟ ಬೀಜಗಳು, ಒಂದು ಎಂಬುದು ಮೂಲೆಯ ಬೀಜ. ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿ ಬಂದಾಗ, ಅಂದರೆ ಒಂದೇ ಪ್ರಮಾಣದಲ್ಲಿ ಏರುತ್ತ ಹೋಗುವ ಸಂಖ್ಯೆಗಳ ಸಾಲನ್ನು ಕೂಡುವ ಸೂತ್ರ ಬಂದಾಗ, ಮೊದಲ ನೂರು ಬೆಸ ಸಂಖ್ಯೆಗಳ ಮೊತ್ತ ನೂರರ ವರ್ಗವಾದ 10,000 ಎಂಬುದು ಒಂದೇ ಸಾಲಿನಲ್ಲಿ ಸಿದ್ಧಿಸುತ್ತದೆ. ಏಳರಲ್ಲಿ ಕಂಡದ್ದನ್ನು ಎಂಟರಲ್ಲಿ ಹೇಳಿ, ಹತ್ತರಲ್ಲಿ ಅದರ ವ್ಯಾಪ್ತಿಯನ್ನು ತಿಳಿಯುವುದು ಇಲ್ಲಿನ ಕ್ರಮ. ಬೀಜಗಳನ್ನು ಜೋಡಿಸದೆ ನೇರವಾಗಿ ಸೂತ್ರವನ್ನು ಪಡೆದ ವಿದ್ಯಾರ್ಥಿಗೂ ಉತ್ತರ ಬರುತ್ತದೆ, ಆದರೆ ಉತ್ತರದ ಹಿಂದಿನ ಕಾರಣ ಬರುವುದಿಲ್ಲ.

ಎರಡನೆಯ ಉದಾಹರಣೆ ಮೂಲೆಮಟ್ಟದ್ದೇ. ಕನ್ನಡದ ಮಕ್ಕಳು ಜ್ಯಾಮಿತಿಯ ಪೆಟ್ಟಿಗೆಯಲ್ಲಿರುವ ಮೂರು ಮೂಲೆಯ ತುಂಡನ್ನು ಮೂಲೆಮಟ್ಟವೆಂದು ಕರೆಯುತ್ತಾರೆ. ಕೇರಳದ ಮಲಯಾಳ ಪುಸ್ತಕವು ಲಂಬಕೋನ ತ್ರಿಭುಜವನ್ನು ಮಟ್ಟತ್ರಿಕೋಣವೆಂದು ಕರೆಯುತ್ತದೆ. ಎರಡು ಭಾಷೆಗಳೂ ಒಂದೇ ಕಸುಬಿನ ಮನೆಯಿಂದ ಪದವನ್ನು ಪಡೆದಿವೆ. 2024ರ ಪರಿಷ್ಕರಣೆಗೆ ಮುಂಚಿನ ಪಠ್ಯದಲ್ಲಿ ಏಳನೆಯ ತರಗತಿಗೆ ಬರುತ್ತಿದ್ದ ಪಾಠವೊಂದು, ಇಂಥ ತ್ರಿಭುಜದ ಎರಡು ಚಿಕ್ಕ ಬದಿಗಳ ಮೇಲೆ ಬರೆದ ಚೌಕಗಳ ವಿಸ್ತೀರ್ಣಗಳನ್ನು ಕೂಡಿದರೆ ದೊಡ್ಡ ಬದಿಯ ಮೇಲಿನ ಚೌಕದ ವಿಸ್ತೀರ್ಣ ಬರುತ್ತದೆಂಬುದನ್ನು ಚಿತ್ರಗಳಿಂದ ತೋರಿಸುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಅದೇ ಸಂಗತಿಯು ಒಂದು ಸಂಕಟವನ್ನು ಹುಟ್ಟಿಸುತ್ತದೆ: ಬದಿಯ ಉದ್ದ ಒಂದು ಮೀಟರ್ ಆಗಿರುವ ಚೌಕದ ಕರ್ಣ ಎಷ್ಟು ಉದ್ದ ಎಂದು ಕೇಳಿದರೆ, ವರ್ಗ ಮಾಡಿದಾಗ ಸರಿಯಾಗಿ ಎರಡು ಬರುವ ಭಿನ್ನರಾಶಿ ಯಾವುದೂ ಇಲ್ಲವೆಂದು ತಿಳಿಯುತ್ತದೆ. ಗೆರೆ ಕಣ್ಣೆದುರಿಗಿದೆ, ಅದನ್ನು ಹೇಳಲು ಸಂಖ್ಯೆಯಿಲ್ಲ. ಹಾಗಾಗಿ 2ರ ವರ್ಗಮೂಲವೆಂಬ ಹೊಸ ಸಂಖ್ಯೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಇಂಥವುಗಳನ್ನೇ ಅಭಾಗಲಬ್ಧ ಸಂಖ್ಯೆಗಳೆಂದು ಕರೆಯುವುದು. ಹತ್ತನೆಯ ತರಗತಿಯಲ್ಲಿ ಅದೇ ತ್ರಿಭುಜವು ಕೋನ ಮತ್ತು ಬದಿಗಳ ಸಂಬಂಧವನ್ನು ಹೇಳುವ ತ್ರಿಕೋನಮಿತಿಯಾಗಿ, ನಿರ್ದೇಶಾಂಕಗಳಿಂದ ಗುರುತಿಸಿದ ಎರಡು ಬಿಂದುಗಳ ನಡುವಿನ ದೂರವಾಗಿ, ಕೊನೆಗೆ ವೃತ್ತದ ಸಮೀಕರಣವಾಗಿ ಮರಳಿ ಬರುತ್ತದೆ.

ಒಂದೇ ವಿಚಾರವನ್ನು ಬಿಟ್ಟು ಬಿಟ್ಟು, ಪ್ರತಿಸಲವೂ ಇನ್ನಷ್ಟು ಆಳದಲ್ಲಿ ಕಲಿಸುವ ಈ ಬಗೆಯನ್ನು ಶಿಕ್ಷಣಶಾಸ್ತ್ರದಲ್ಲಿ ಸುರುಳಿಯಾಕಾರದ ಪಠ್ಯಕ್ರಮವೆನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದನ್ನು ಪ್ರತಿಪಾದಿಸಿದರು. ಆದರೆ ಅವರ ದೇಶದ ಹೆಚ್ಚಿನ ಪ್ರೌಢಶಾಲೆಗಳಲ್ಲಿ ಒಂದು ವರ್ಷ ಬೀಜಗಣಿತ, ಮುಂದಿನ ವರ್ಷ ರೇಖಾಗಣಿತ, ಅನಂತರ ಮತ್ತೆ ಮೇಲಿನ ಬೀಜಗಣಿತ ಎಂದು ಬೇರೆ ಬೇರೆ ಕೋರ್ಸುಗಳಾಗಿ ಕಲಿಸುವ ವಾಡಿಕೆಯೇ ಬಹುಕಾಲದಿಂದ ನಡೆದುಬಂದಿದೆ. ಭಾರತದಲ್ಲಿ 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಹತ್ತನೆಯ ತರಗತಿಯವರೆಗೆ ಗಣಿತವು ಎಲ್ಲರಿಗೂ ಕಡ್ಡಾಯವಾಗಿರಬೇಕೆಂದು ಸೂಚಿಸಿದ ಮೇಲೆ, ಎಲ್ಲ ಶಾಖೆಗಳನ್ನೂ ಒಂದೇ ಪುಸ್ತಕದಲ್ಲಿ ಹೆಣೆದು ಕಲಿಸುವ ಕ್ರಮವು ಇಲ್ಲಿ ನೆಲೆಗೊಂಡಿತು. ಇದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ವಿಚಾರವು ಮರಳಿ ಬರುವುದರಿಂದ ಮೊದಲ ಸಲ ತಪ್ಪಿದ್ದನ್ನು ಎರಡನೆಯ ಸಲ ಹಿಡಿಯುವ ಅವಕಾಶವಿರುವುದು ಲಾಭ. ಎರಡನೆಯ ಸಲ ಕಲಿಸುವವರು ಮೊದಲಿನದು ಬಂದೇ ಇದೆಯೆಂದು ಭಾವಿಸಿ ಮುಂದೆ ಸಾಗಿದರೆ, ಹಿಂದೆ ಉಳಿದ ಮಗುವು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಹಿಂದೆ ಬೀಳುವುದು ಅಪಾಯ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಗಣಿತ ಶಿಕ್ಷಣವನ್ನು ಪರಿಶೀಲಿಸಿದ ತಜ್ಞರ ತಂಡವು ಶಾಲಾ ಗಣಿತವು ಮೇಲೆ ಮೇಲೆ ಬೆಳೆಯುವುದಕ್ಕಿಂತ ಅಗಲವಾಗಿ ಹರಡಬೇಕೆಂದು ಹೇಳಿದ್ದು ಈ ಅಪಾಯವನ್ನು ಕಂಡೇ.

ಕಾರಣವನ್ನು ಬಿಡದೆ, ಸುಲಭದಿಂದ ಕಠಿಣಕ್ಕೆ ಕೈಹಿಡಿದು ನಡೆಸುವ ಕ್ರಮವು ಕೇರಳದ ನೆಲಕ್ಕೆ ಹೊಸದೇನೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಸಂಗಮಗ್ರಾಮದ ಮಾಧವನಿಂದ ತೊಡಗಿ ಪರಮೇಶ್ವರ, ದಾಮೋದರ, ನೀಲಕಂಠ ಸೋಮಯಾಜಿ ಎಂದು ಗುರುಶಿಷ್ಯರ ಸಾಲಿನಲ್ಲಿ ಬೆಳೆದುಬಂದ ಗಣಿತಪರಂಪರೆಯಲ್ಲಿ ಜ್ಯೇಷ್ಠದೇವನು ಸುಮಾರು 1530ರಲ್ಲಿ ಯುಕ್ತಿಭಾಷಾ ಎಂಬ ಗ್ರಂಥವನ್ನು ರಚಿಸಿದನು. ಯುಕ್ತಿ ಎಂದರೆ ಇಲ್ಲಿ ಉಪಾಯವಲ್ಲ. ಒಂದು ಫಲಿತಾಂಶವು ಏಕೆ ಸರಿಯೆಂದು ತೋರಿಸುವ ಕಾರಣ, ಉಪಪತ್ತಿ. ಈ ಗ್ರಂಥದ ಗಣಿತಭಾಗದ ಅಧ್ಯಾಯಗಳ ಸಾಲು ಇಂದಿನ ಪಠ್ಯಕ್ರಮವನ್ನು ರೂಪಿಸುವವರೂ ಗಮನಿಸಬೇಕಾದಂಥದು. ಮೊದಲು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗ, ವರ್ಗಮೂಲ ಮುಂತಾದ ಎಂಟು ಪರಿಕರ್ಮಗಳು; ಆಮೇಲೆ ಎರಡು ಸಂಖ್ಯೆಗಳ ಬಗೆಗೆ ಎರಡು ಸಂಗತಿ ತಿಳಿದಿದ್ದರೆ ಆ ಸಂಖ್ಯೆಗಳನ್ನು ಕಂಡುಹಿಡಿಯುವ ಹತ್ತು ಪ್ರಶ್ನೆಗಳು; ಅನಂತರ ಭಿನ್ನಗಣಿತ; ಬಳಿಕ ತ್ರೈರಾಶಿಕ, ಅಂದರೆ ಮೂರು ರಾಶಿಗಳಿಂದ ನಾಲ್ಕನೆಯದನ್ನು ಪಡೆಯುವ ಅನುಪಾತದ ಲೆಕ್ಕ; ಮುಂದೆ ಕುಟ್ಟಾಕಾರ, ಅಂದರೆ ಪೂರ್ಣಸಂಖ್ಯೆಗಳಲ್ಲಿಯೇ ಉತ್ತರ ಬೇಕಾದ ಸಮೀಕರಣಗಳ ಲೆಕ್ಕ; ಇವೆಲ್ಲ ಮುಗಿದ ಮೇಲೆ ಪರಿಧಿ ಮತ್ತು ವ್ಯಾಸ; ಕೊನೆಯಲ್ಲಿ ಜ್ಯಾ, ಅಂದರೆ ಇಂದಿನ ತ್ರಿಕೋನಮಿತಿಯ ವಿಷಯ. ಲಂಬಕೋನ ತ್ರಿಭುಜದ ನಿಯಮವನ್ನು, ಭುಜಾ ಕೋಟಿ ಕರ್ಣ ನ್ಯಾಯವೆಂಬ ಹೆಸರಿನಲ್ಲಿ, ವರ್ಗ ಮಾಡುವುದನ್ನು ಕಲಿಸುವ ಮೊದಲ ಅಧ್ಯಾಯದಲ್ಲಿಯೇ ಯುಕ್ತಿಸಹಿತವಾಗಿ ಹೇಳಿಬಿಟ್ಟಿರುವುದರಿಂದ, ಐದು ಅಧ್ಯಾಯಗಳ ಅನಂತರ ವೃತ್ತದ ಪರಿಧಿಯನ್ನು ಲೆಕ್ಕ ಹಾಕುವಾಗ ಅದು ಕೈಯಳತೆಯಲ್ಲಿ ಸಿದ್ಧವಾಗಿರುತ್ತದೆ.

ಪರಿಧಿಯ ಅಧ್ಯಾಯವು ಮುಂದುವರಿಯುವ ರೀತಿಯೂ ಹಾಗೆಯೇ. ವೃತ್ತದ ಹೊರಗೆ ಮೊದಲು ಒಂದು ಚೌಕ, ಅದರ ಮೂಲೆಗಳನ್ನು ಕತ್ತರಿಸಿ ಎಂಟು ಬದಿಗಳ ಆಕೃತಿ, ಮತ್ತೆ ಕತ್ತರಿಸಿ ಹದಿನಾರು ಬದಿಗಳದ್ದು ಎಂದು ವೃತ್ತಕ್ಕೆ ಹತ್ತಿರ ಹತ್ತಿರ ಹೋಗುವ ದಾರಿಯನ್ನು ತೋರಿಸಿ, ಪ್ರತಿ ಹೆಜ್ಜೆಯಲ್ಲಿಯೂ ವರ್ಗಮೂಲ ತೆಗೆಯುವ ಕಷ್ಟವನ್ನು ಓದುಗನಿಗೆ ಮನದಟ್ಟು ಮಾಡಿಸಿ, ಆ ಬಳಿಕವಷ್ಟೇ ವರ್ಗಮೂಲವಿಲ್ಲದ ದಾರಿಯಾಗಿ ಮಾಧವನ ಅನಂತ ಶ್ರೇಣಿಯನ್ನು ಮುಂದಿಡುತ್ತದೆ. ಒಂದರಿಂದ ಮೂರರಲ್ಲೊಂದನ್ನು ಕಳೆದು, ಐದರಲ್ಲೊಂದನ್ನು ಕೂಡಿ, ಏಳರಲ್ಲೊಂದನ್ನು ಕಳೆಯುತ್ತ ಕೊನೆಯಿಲ್ಲದೆ ಸಾಗಿದರೆ ಪೈ ಎಂಬ ಸಂಖ್ಯೆಯ ಕಾಲುಭಾಗ ಸಿಗುತ್ತದೆ ಎಂಬುದೇ ಆ ಶ್ರೇಣಿ. 9,00,00,00,00,000 ಅಳತೆಯ ವ್ಯಾಸಕ್ಕೆ 28,27,43,33,88,233 ಅಳತೆಯ ಪರಿಧಿಯೆಂದು ಮಾಧವನು ಕೊಟ್ಟ ಲೆಕ್ಕದಿಂದ ಪೈ ಬೆಲೆಯು ದಶಮಾಂಶದ ಹನ್ನೊಂದು ಸ್ಥಾನಗಳವರೆಗೆ ಸರಿಯಾಗಿ ಬರುತ್ತದೆ. ಹಳೆಯ ಒಂಬತ್ತನೆಯ ತರಗತಿಯ ಪುಸ್ತಕವು ವೃತ್ತದ ಸುತ್ತಳತೆಯನ್ನು ಸಮಬಹುಭುಜಗಳ ಮೂಲಕ ಸಮೀಪಿಸುವಾಗ ಇಟ್ಟದ್ದು ಇದೇ ದಾರಿಯ ಮೊದಲ ಕೆಲವು ಹೆಜ್ಜೆಗಳನ್ನು.

ಈ ಪರಂಪರೆಯ ಗ್ರಂಥಗಳು ಇಂದಿನವರಿಗೆ ದೊರೆತದ್ದೂ ಕೊಚ್ಚಿ ಮತ್ತು ತಿರುವನಂತಪುರಗಳ ವಿದ್ವಾಂಸರ ಶ್ರಮದಿಂದ. ರಾಮವರ್ಮ ಮರು ತಂಪುರಾನ್ ಮತ್ತು ಎ.ಆರ್. ಅಖಿಲೇಶ್ವರ ಅಯ್ಯರ್ ಇವರು ಯುಕ್ತಿಭಾಷೆಯ ಗಣಿತಭಾಗವನ್ನು ವಿವರಣೆಯೊಡನೆ ಸಂಪಾದಿಸಿ, ಅಂದು ಕೊಚ್ಚಿ ರಾಜ್ಯದಲ್ಲಿದ್ದ ತ್ರಿಶೂರಿನ ಮಂಗಳೋದಯಂ ಮುದ್ರಣಾಲಯದಿಂದ 1948ರಲ್ಲಿ ಹೊರತಂದರು. ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ನೀಲಕಂಠನ ಆರ್ಯಭಟೀಯ ಭಾಷ್ಯವು 1930ರಿಂದ 1957ರ ನಡುವೆ ಮೂರು ಭಾಗಗಳಾಗಿಯೂ, ಅವನ ತಂತ್ರಸಂಗ್ರಹವು 1958ರಲ್ಲಿಯೂ ಅಚ್ಚಾದವು. ಆ ಭಾಷ್ಯದಲ್ಲಿ ನೀಲಕಂಠನು ಶ್ರೇಢಿಯ ಮೊತ್ತವನ್ನು ವಿವರಿಸಲು ಶ್ರೇಢೀಕ್ಷೇತ್ರವೆಂಬ ಚಿತ್ರವನ್ನು ಬಳಸುತ್ತಾನೆ: ಒಂದು, ಎರಡು, ಮೂರು ಅಳತೆಯ ಪಟ್ಟಿಗಳನ್ನು ಒಂದರ ಕೆಳಗೊಂದಿಟ್ಟು, ಅದೇ ಆಕೃತಿಯ ಇನ್ನೊಂದನ್ನು ತಲೆಕೆಳಗಾಗಿ ಜೋಡಿಸಿದರೆ ಆಯತವಾಗುತ್ತದೆ, ಅದರ ಅರ್ಧವೇ ಮೊತ್ತ. ಮಂಜೊಟ್ಟಿ ಬೀಜಗಳನ್ನು ಜೋಡಿಸುವ ಮಗುವಿಗೂ ಈ ಆಚಾರ್ಯನಿಗೂ ನಡುವೆ ಐದು ಶತಮಾನಗಳ ಅಂತರವಿದ್ದರೂ ರೀತಿ ಒಂದೇ.

ಕನ್ನಡನಾಡಿನಲ್ಲಿಯೂ ಇಂಥ ಕ್ರಮದ ಅರಿವು ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವು ಸಂಜ್ಞೆಗಳಿಂದ, ಅಂದರೆ ಪಾರಿಭಾಷಿಕ ಪದಗಳ ವಿವರಣೆಯಿಂದ, ತೊಡಗಿ ಪರಿಕರ್ಮ, ಭಿನ್ನ, ತ್ರೈರಾಶಿಕಗಳ ಮೂಲಕ ಕ್ಷೇತ್ರಗಣಿತಕ್ಕೂ ನೆರಳಿನ ಲೆಕ್ಕಕ್ಕೂ ಸಾಗುತ್ತದೆ. ಪದಗಳನ್ನು ಮೊದಲು ತಿಳಿಸದೆ ಲೆಕ್ಕವನ್ನು ಹೇಳಬಾರದೆಂಬ ವಿವೇಕ ಅಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದನು. ಸಂಸ್ಕೃತವೇ ಶಾಸ್ತ್ರದ ಭಾಷೆಯಾಗಿದ್ದ ಕಾಲದಲ್ಲಿ ರಾಜಾದಿತ್ಯನು ಕನ್ನಡವನ್ನೂ, ಜ್ಯೇಷ್ಠದೇವನು ಮಲಯಾಳವನ್ನೂ ಆರಿಸಿಕೊಂಡದ್ದರ ಅರ್ಥವು ಇಂದಿನ ತರಗತಿಗೂ ಅನ್ವಯಿಸುತ್ತದೆ: ಸೂತ್ರವನ್ನು ಯಾವ ಭಾಷೆಯಲ್ಲಿಯಾದರೂ ಬಾಯಿಪಾಠ ಮಾಡಬಹುದು, ಕಾರಣವನ್ನು ಮಾತ್ರ ತನ್ನದಾದ ಭಾಷೆಯಲ್ಲಿಯೇ ಕೇಳಬೇಕು, ತನ್ನದಾದ ಭಾಷೆಯಲ್ಲಿಯೇ ಹೇಳಬೇಕು.

ಈ ದೃಷ್ಟಿಯಿಂದ ನೋಡಿದಾಗ ಕ್ರಮದ ಬೆಸುಗೆಗಳು ಸಡಿಲವಾಗುವ ಎರಡು ಜಾಗಗಳು ಕಾಣಿಸುತ್ತವೆ. ಮೊದಲನೆಯದು ಏಳರಿಂದ ಎಂಟಕ್ಕೆ ಹೋಗುವ ಜಾಗ. ಅನೇಕ ಮಕ್ಕಳಿಗೆ ಇಲ್ಲಿ ಶಾಲೆ ಬದಲಾಗುತ್ತದೆ, ಗಣಿತಕ್ಕೆಂದೇ ಬೇರೆ ಅಧ್ಯಾಪಕರು ಬರುತ್ತಾರೆ, ಪುಸ್ತಕದ ಭಾಷೆಯು ಬಿಗಿಯಾಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಈ ಹಂತಕ್ಕೆ ಇನ್ನೊಂದು ಕಷ್ಟ ಸೇರಿಕೊಂಡಿದೆ. ಗಣಿತ ಮೊದಲಾದ ವಿಷಯಗಳಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ನೇಮಿಸಿದ್ದೂ, ಮಕ್ಕಳೂ ಹೆತ್ತವರೂ ಅದನ್ನು ವಿರೋಧಿಸಿದ್ದೂ ಕಳೆದ ವರ್ಷಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಗಣಿತವು ಅಂಕಿಗಳ ವಿಷಯವಾದ್ದರಿಂದ ಭಾಷೆ ಅಷ್ಟೇನೂ ಮುಖ್ಯವಲ್ಲವೆಂದು ಕೆಲವರು ಭಾವಿಸುವುದುಂಟು. ಎಂಟನೆಯ ತರಗತಿಯ ಸರ್ವಸಮೀಕರಣದ ಪಾಠವೇ ಇದಕ್ಕೆ ಉತ್ತರ: ಅಲ್ಲಿ ಅಂಕಿಗಳಿಗಿಂತ ಹೆಚ್ಚಾಗಿರುವುದು 'ಯಾವ ಸಂಖ್ಯೆಯನ್ನು ತೆಗೆದುಕೊಂಡರೂ', 'ಆದರೆ ಮಾತ್ರ', 'ಆದುದರಿಂದ' ಎಂಬಂಥ ಮಾತುಗಳು. ಹಲಗೆಯ ಮೇಲಿನ ಲೆಕ್ಕವನ್ನು ಮಗುವು ನಕಲು ಮಾಡಿಕೊಳ್ಳಬಹುದು; 'ಆದುದರಿಂದ' ಎಂಬುದು ತಿಳಿಯದಿದ್ದರೆ ಒಂದು ಸಾಲಿನಿಂದ ಇನ್ನೊಂದು ಸಾಲು ಹೇಗೆ ಹುಟ್ಟಿತೆಂಬುದು ಅದಕ್ಕೆ ತಿಳಿಯುವುದಿಲ್ಲ.

ಎರಡನೆಯ ಜಾಗವು ಹತ್ತರಿಂದ ಹನ್ನೊಂದಕ್ಕೆ ಹೋಗುವಲ್ಲಿದೆ. ಎಸ್.ಎಸ್.ಎಲ್.ಸಿ.ಯ ಗಣಿತದಲ್ಲಿ 80 ಅಂಕಗಳ ಲಿಖಿತ ಪರೀಕ್ಷೆ ಮತ್ತು 20 ಅಂಕಗಳ ನಿರಂತರ ಮೌಲ್ಯಮಾಪನವಿದ್ದು, ಕನ್ನಡ ಮಾಧ್ಯಮದವರಿಗೆ ಪ್ರಶ್ನೆಪತ್ರಿಕೆಯು ಕನ್ನಡದಲ್ಲಿ ದೊರೆಯುತ್ತದೆ. ಉತ್ತರ ಬರೆಯಲು ತೊಡಗುವ ಮುಂಚೆ ಪ್ರಶ್ನೆಗಳನ್ನು ಓದಿಕೊಂಡು ಯೋಚಿಸಲು ಹದಿನೈದು ನಿಮಿಷಗಳ ವಿರಾಮವನ್ನು ಕೊಡುವ ಕೇರಳದ ಪದ್ಧತಿಯು ಗಣಿತಕ್ಕೆ ವಿಶೇಷವಾಗಿ ಒಪ್ಪುವಂಥದು. ಆದರೆ ಪ್ಲಸ್ ಒನ್ ತರಗತಿಗೆ ಬಂದ ಕೂಡಲೇ ರಾಜ್ಯದ ಪುಸ್ತಕದ ಬದಲು ರಾಷ್ಟ್ರೀಯ ಸಂಸ್ಥೆಯಾದ ಎನ್.ಸಿ.ಇ.ಆರ್.ಟಿ.ಯ ಪುಸ್ತಕ, ಕನ್ನಡದ ಬದಲು ಇಂಗ್ಲಿಷ್, ಪರಿಚಿತ ವಿಷಯಗಳ ಬದಲು ಗಣಗಳು, ಸಂಮಿಶ್ರ ಸಂಖ್ಯೆಗಳು, ಶಂಕುಜಗಳು, ಮಿತಿ ಮತ್ತು ಕಲನಶಾಸ್ತ್ರದ ಮೊದಲ ಪಾಠಗಳು ಎದುರಾಗುತ್ತವೆ. ಹತ್ತು ವರ್ಷ 'ವರ್ಗಮೂಲ', 'ಸ್ಪರ್ಶಕ', 'ಬಹುಪದೋಕ್ತಿ' ಎಂದು ಹೇಳಿಕೊಂಡು ಬಂದ ಮಗುವಿಗೆ ಗೊತ್ತಿರುವ ವಸ್ತುಗಳೇ ಗುರುತು ಸಿಗದ ಹೆಸರುಗಳಲ್ಲಿ ಬಂದು ನಿಲ್ಲುತ್ತವೆ. ಪುಸ್ತಕ, ಭಾಷೆ, ವಿಷಯ ಮೂರೂ ಒಂದೇ ಜೂನ್ ತಿಂಗಳಲ್ಲಿ ಬದಲಾಗುವ ಈ ಜಾಗದಲ್ಲಿ ಅನೇಕರು ಗಣಿತವನ್ನೇ ಕೈಬಿಡುವುದಕ್ಕೆ ಅವರ ಬುದ್ಧಿಶಕ್ತಿಯನ್ನು ಕಾರಣವೆಂದು ಹೇಳುವುದು ನ್ಯಾಯವಾಗದು.

ಕೊಚ್ಚಿ ಮತ್ತು ತಿರುವನಂತಪುರ ನಗರಗಳಲ್ಲಿ ವಾಸಿಸುವ ಕನ್ನಡ ಕುಟುಂಬಗಳ ಮಕ್ಕಳಿಗೆ ಬರುವ ತೊಂದರೆ ಇನ್ನೊಂದು ತೆರನಾದುದು. ಕೊಚ್ಚಿಯ ನೌಕಾನೆಲೆ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಮುಂತಾದೆಡೆಗಳಿಗೆ ವರ್ಗವಾಗಿ ಬರುವ ನೌಕರರ ಮಕ್ಕಳು ಒಂದು ಮಂಡಳಿಯ ಶಾಲೆಯಿಂದ ಇನ್ನೊಂದಕ್ಕೆ ವರ್ಷದ ನಡುವೆ ಸೇರಬೇಕಾಗಬಹುದು. ರಾಜ್ಯದ ಮತ್ತು ಕೇಂದ್ರೀಯ ಮಂಡಳಿಯ ಪಠ್ಯಕ್ರಮಗಳಲ್ಲಿ ಇರುವ ಗಣಿತ ಹೆಚ್ಚುಕಡಿಮೆ ಒಂದೇ, ಅದರ ಸರದಿ ಬೇರೆ. ಎನ್.ಸಿ.ಇ.ಆರ್.ಟಿ. ಪುಸ್ತಕಗಳಲ್ಲಿ ವೃತ್ತದೊಳಗಿನ ಕೋನಗಳೂ ನಿರ್ದೇಶಾಂಕಗಳ ಪರಿಚಯವೂ ಒಂಬತ್ತನೆಯ ತರಗತಿಗೆ ಬರುತ್ತಿದ್ದರೆ, ಕೇರಳದ ಪುಸ್ತಕದಲ್ಲಿ ಅವು ಹತ್ತನೆಯ ತರಗತಿಗೆ ಬರುತ್ತಿದ್ದವು. ವೃತ್ತದ ಸಮೀಕರಣವನ್ನು ಕೇರಳದ ಮಗು ಹತ್ತರಲ್ಲಿಯೇ ಕಂಡರೆ, ರಾಷ್ಟ್ರೀಯ ಪಠ್ಯದ ಮಗು ಹನ್ನೊಂದರವರೆಗೆ ಕಾಯಬೇಕಾಗುತ್ತಿತ್ತು. ಒಂಬತ್ತನೆಯ ತರಗತಿಯನ್ನು ರಾಜ್ಯದ ಶಾಲೆಯಲ್ಲಿ ಮುಗಿಸಿ ಕೇಂದ್ರೀಯ ಶಾಲೆಯ ಹತ್ತನೆಯ ತರಗತಿಗೆ ಸೇರಿದ ವಿದ್ಯಾರ್ಥಿಗೆ ಈ ಎರಡು ಪಾಠಗಳು ಎಲ್ಲಿಯೂ ಸಿಗದೆ ಹೋಗಬಹುದಿತ್ತು. ಕೇಂದ್ರೀಯ ಮಂಡಳಿಯು 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತವನ್ನು ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಎಂದು ಎರಡು ಮಟ್ಟಗಳಾಗಿ ಮಾಡಿ, ಮುಂದೆ ಗಣಿತ ಓದಲು ಬಯಸದವರಿಗೆ ಸುಲಭದ ಪತ್ರಿಕೆಯನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿದೆ. ಕೇರಳದಲ್ಲಿ ಎಲ್ಲರಿಗೂ ಒಂದೇ ಪತ್ರಿಕೆ. ಹದಿನೈದರ ವಯಸ್ಸಿನಲ್ಲಿ ದಾರಿಯನ್ನು ಎರಡಾಗಿ ಸೀಳುವುದಕ್ಕಿಂತ ಎಲ್ಲರನ್ನೂ ಒಂದೇ ದಾರಿಯಲ್ಲಿ ನಡೆಸುವುದು ಮೇಲು, ಆದರೆ ನಡಿಗೆಯಲ್ಲಿ ಹಿಂದುಳಿದವರಿಗಾಗಿ ನಿಂತು ಕಾಯುವ ಏರ್ಪಾಡು ಅದರೊಂದಿಗೆ ಇರಬೇಕು.

ಅಂಥ ಏರ್ಪಾಡುಗಳು ಈಚೆಗೆ ತೊಡಗಿವೆ ಎಂಬುದು ಸಮಾಧಾನದ ಸಂಗತಿ. ಕೇರಳದ 2023ರ ಪಠ್ಯಕ್ರಮ ಚೌಕಟ್ಟಿನ ಆಧಾರದ ಮೇಲೆ 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೆಯ ತರಗತಿಗಳಿಗೂ 2025ರಲ್ಲಿ ಎರಡು, ನಾಲ್ಕು, ಆರು, ಎಂಟು, ಹತ್ತನೆಯ ತರಗತಿಗಳಿಗೂ ಹೊಸ ಪುಸ್ತಕಗಳು ಬಂದವು. 2024–25ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಲಿಖಿತ ಪರೀಕ್ಷೆಯಲ್ಲಿ ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ ಶೇಕಡಾ 30 ಅಂಕ ಬರಬೇಕೆಂಬ ನಿಯಮವನ್ನು ತಂದು, ಅಷ್ಟು ಬಾರದವರಿಗೆ ರಜೆಯಲ್ಲಿ ವಿಶೇಷ ತರಗತಿಗಳನ್ನು ನಡೆಸಲಾಯಿತು. ಹಿಂದುಳಿದ ಮಗುವನ್ನು ಅಲ್ಲೇ ನಿಲ್ಲಿಸದೆ, ಬಿಟ್ಟುಹೋದ ಪಾಠವನ್ನು ತುಂಬಿಕೊಟ್ಟು ಮುಂದೆ ಕಳುಹಿಸುವುದು ಇದರ ಆಶಯವಾದರೆ ಗಣಿತಕ್ಕೆ ಇದರಿಂದ ಬಹಳ ಪ್ರಯೋಜನವಿದೆ. ಕೈಟ್ ಸಂಸ್ಥೆಯು ಶಾಲೆಗಳಿಗೆ ಒದಗಿಸಿರುವ ಜಿಯೋಜೀಬ್ರಾ ಎಂಬ ತಂತ್ರಾಂಶದಲ್ಲಿ ತ್ರಿಭುಜದ ಒಂದು ಮೂಲೆಯನ್ನು ಹಿಡಿದೆಳೆದರೆ ಬದಿಗಳೂ ಕೋನಗಳೂ ಬದಲಾಗುತ್ತ, ಬದಲಾಗದೆ ಉಳಿಯುವ ಸಂಬಂಧವು ಎದ್ದು ಕಾಣುತ್ತದೆ. ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು, ವಿಕ್ಟರ್ಸ್ ವಾಹಿನಿಯ ಮೂಲಕ ಆರಂಭವಾದ ಫಸ್ಟ್ ಬೆಲ್ ಪಾಠಗಳು ಕನ್ನಡದಲ್ಲಿಯೂ ತಯಾರಾದವು. ತಿರುವನಂತಪುರದ ವ್ಯವಸ್ಥೆಯು ಮನಸ್ಸು ಮಾಡಿದರೆ ಕನ್ನಡದ ಮಗುವನ್ನು ಅದರ ಭಾಷೆಯಲ್ಲಿಯೇ ತಲುಪಬಲ್ಲದೆಂಬುದಕ್ಕೆ ಅದು ಸಾಕ್ಷಿ.

ಇನ್ನು ಮಾಡಬೇಕಾದ ಕೆಲಸಗಳು ದುಬಾರಿಯಾದವುಗಳಲ್ಲ. ಎಂಟನೆಯ ತರಗತಿಯ ಮೊದಲ ಎರಡು ವಾರಗಳನ್ನು ಹೊಸ ಪಾಠಕ್ಕೆ ಕೊಡದೆ, ಭಿನ್ನರಾಶಿ, ಅನುಪಾತ, ಅಕ್ಷರಗಳ ಬಳಕೆ ಈ ಮೂರರಲ್ಲಿ ಯಾರಿಗೆ ಏನು ತಪ್ಪಿದೆಯೆಂದು ನೋಡುವುದಕ್ಕೆ ಮೀಸಲಿಡಬಹುದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡದಲ್ಲಿ ಕಲಿತು ಕನ್ನಡದಲ್ಲಿ ಕಲಿಸಬಲ್ಲ ಗಣಿತಾಧ್ಯಾಪಕರನ್ನೇ ನೇಮಿಸಬೇಕು. ಇದು ಭಾಷಾಭಿಮಾನದ ಮಾತು ಆಗುವುದಕ್ಕಿಂತ ಮೊದಲು ಗಣಿತದ ಮಾತು. ಹತ್ತನೆಯ ತರಗತಿಯ ಕನ್ನಡ ಪುಸ್ತಕದ ಕೊನೆಯಲ್ಲಿ ಎಲ್ಲ ಪಾರಿಭಾಷಿಕ ಪದಗಳಿಗೂ ಇಂಗ್ಲಿಷಿನ ಸಮಾನ ಪದಗಳನ್ನು ಚಿತ್ರಸಹಿತವಾಗಿ ಕೊಟ್ಟು, ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ವಾರಗಳಲ್ಲಿ ಆ ಪದಗಳನ್ನು ಪರಿಚಯಿಸಿದರೆ, ಪ್ಲಸ್ ಒನ್ ತರಗತಿಗೆ ಹೋದ ಮಗುವಿಗೆ ಹಳೆಯ ಗೆಳೆಯರೇ ಹೊಸ ಹೆಸರಿನಲ್ಲಿ ಬಂದಿದ್ದಾರೆಂದು ತಿಳಿಯುತ್ತದೆ. ನಗರಗಳಿಗೆ ವರ್ಗವಾಗಿ ಬರುವ ಮಕ್ಕಳ ಶಾಲೆ ಬದಲಿಸುವ ಪತ್ರದೊಂದಿಗೆ, ಗಣಿತದಲ್ಲಿ ಯಾವ ಪಾಠಗಳು ಮುಗಿದಿವೆ ಎಂಬ ಒಂದು ಪುಟದ ಪಟ್ಟಿಯೂ ಹೋಗಬೇಕು.

ಜ್ಯೇಷ್ಠದೇವನು ತನ್ನ ಕಾಲದ ಅತ್ಯುನ್ನತ ಗಣಿತವನ್ನು ಬರೆಯುವಾಗ ಕೂಡುವುದು ಮತ್ತು ಕಳೆಯುವುದರಿಂದ ತೊಡಗಿದನು, ಕೇಳುವವರು ಮನೆಯಲ್ಲಿ ಆಡುವ ಮಾತಿನಲ್ಲಿಯೇ ಬರೆದನು. ಹಿಂದಿನದನ್ನು ಬಿಡದೆ ಮುಂದಿನದನ್ನು ಹೇಳುವುದು, ಹೇಳಿದ್ದರ ಕಾರಣವನ್ನು ಕೇಳುವವರ ಭಾಷೆಯಲ್ಲಿ ಕೊಡುವುದು ಎಂಬ ಈ ಎರಡು ಮರ್ಯಾದೆಗಳನ್ನು ಮಲಯಾಳದ ಮಕ್ಕಳಿಗೆ ಆ ನಾಡು ಐನೂರು ವರ್ಷಗಳ ಹಿಂದೆಯೇ ಸಲ್ಲಿಸಿದೆ. ಅದೇ ನಾಡಿನ ಉತ್ತರದ ತುದಿಯಲ್ಲಿ ಕುಳಿತು ಹದಿನಾರು ಬೀಜಗಳ ಚೌಕಕ್ಕೆ ಇನ್ನೂ ಒಂಬತ್ತನ್ನು ಸುತ್ತಲಿಟ್ಟು, ಇಪ್ಪತ್ತೈದು ಹೇಗೆ ಬಂತೆಂದು ಕನ್ನಡದಲ್ಲಿ ಕೇಳುವ ಮಗುವಿಗೂ ಅದು ಸಲ್ಲಬೇಕಾದದ್ದು.